ಬೂದು ಹಲ್ಕ್, ನೀಲಿ ಕೂದಲು, ಆರ್ಟ್ ಪೇಪರ್

ಭಾನುವಾರ, 16 ಮಾರ್ಚ್ 2025

ಹಳೆಯ ಸೂಪರ್‌ಹೀರೋ ಕಾಮಿಕ್ಸ್‌ನ ಹೊಸ ಮುದ್ರಣ ನೋಡಿದವರು ಬಣ್ಣ ಕಣ್ಣಿಗೆ ಹೊಡೆಯುತ್ತದೆ ಎನ್ನುತ್ತಾರೆ. ಎಷ್ಟೋ ಸಲ ಬಣ್ಣದ ಅಳತೆ ಹಳೆಯದೇ ಇರುತ್ತದೆ, ಕಾಗದ ಮಾತ್ರ ಬೇರೆ. ಕಿತಾಪತಿಯೆಲ್ಲ ಅಲ್ಲೇ.

1960ರ ದಶಕದ ಅಮೆರಿಕದಲ್ಲಿ ಬಣ್ಣಗಾರರು ಗೆರೆಚಿತ್ರದ ನಕಲಿನ ಮೇಲೆ ಡೈ ಬಳಿದು, ಪಕ್ಕದಲ್ಲಿ ಸಂಕೇತ ಬರೆದು ಕೊಡುತ್ತಿದ್ದರು. ವೈ ಅಂದರೆ ಹಳದಿ, ಆರ್ ಅಂದರೆ ಕೆಂಪು (ನಿಜಕ್ಕೂ ಅದು ಮಜೆಂಟಾ ಎಂಬ ನೇರಳೆಗೆಂಪು), ಬಿ ಅಂದರೆ ನೀಲಿ (ಸಯಾನ್ ಎಂಬ ತಿಳಿ ನೀಲಿ). ಅಕ್ಷರದ ಜೊತೆ 2 ಇದ್ದರೆ ಶೇ. 25, 3 ಇದ್ದರೆ ಶೇ. 50, ಬರೀ ಅಕ್ಷರವಾದರೆ ಪೂರ್ತಿ. ತೆಳು ಮಟ್ಟಗಳು ಅಚ್ಚಾಗುವುದು ಸಣ್ಣ ಚುಕ್ಕೆಗಳಾಗಿ. ಖಾಲಿಯನ್ನೂ ಸೇರಿಸಿದರೆ ಒಂದೊಂದು ಮಸಿಗೆ ನಾಲ್ಕು ಮಟ್ಟ, ಒಟ್ಟು 64 ಬಣ್ಣ. ಬಿಳಿಯರ ಮೈಬಣ್ಣ ವೈ2ಆರ್2, ಕಡುಗೆಂಪು ವೈಆರ್. ಕನೆಕ್ಟಿಕಟ್‌ನ ಬ್ರಿಜ್‌ಪೋರ್ಟ್‌ನಲ್ಲಿ ಕೆಮಿಕಲ್ ಕಲರ್ ಪ್ಲೇಟ್ ಎಂಬ ಸಂಸ್ಥೆಯಿತ್ತು. ಅಲ್ಲಿ ಹೆಚ್ಚಾಗಿ ಹೆಂಗಸರೇ ಕೂತು, ಆ ಸಂಕೇತ ನೋಡಿಕೊಂಡು ಮಸಿಗೆ ಮೂರರಂತೆ ಪುಟಕ್ಕೆ ಒಂಬತ್ತು ಅಸಿಟೇಟ್ (ಪಾರದರ್ಶಕ ಪ್ಲಾಸ್ಟಿಕ್) ಹಾಳೆಗಳ ಮೇಲೆ ಕೈಯಿಂದ ಬಣ್ಣ ತುಂಬುತ್ತಿದ್ದರು. ಅವರ ಹೆಸರು ಸಂಚಿಕೆಗಳಲ್ಲಿ ಅಚ್ಚಾಗುತ್ತಿರಲಿಲ್ಲ. ಅದು ದೊಡ್ಡ ಅನ್ಯಾಯ.

ಒಂದೊಂದು ಮಸಿಗೂ ಒಂದೊಂದು ಅಚ್ಚಿನ ಪ್ಲೇಟು. ಕಪ್ಪು ಪ್ಲೇಟಿನಲ್ಲಿ ಇದ್ದದ್ದು ಗೆರೆ ಮತ್ತು ಅಕ್ಷರ ಮಾತ್ರ. ಹಾಗಾಗಿ ಬೂದು ಬೇಕೆಂದರೆ ಮೂರು ಬಣ್ಣದ ಚುಕ್ಕೆಗಳನ್ನೂ ಸಮತೂಕದಲ್ಲಿ ಸೇರಿಸಬೇಕು. ಒಂದು ಮಸಿ ಚೂರು ಹೆಚ್ಚಾದರೂ ಬೂದು ಕಂದಾಗುತ್ತದೆ, ಇಲ್ಲವೇ ಹಸಿರಿಗೆ ತಿರುಗುತ್ತದೆ. ಮೇ 1962ರ ಮೊದಲ ಸಂಚಿಕೆಯಲ್ಲಿ ಮಾರ್ವೆಲ್‌ನ ದೈತ್ಯ ನಾಯಕ ಹಲ್ಕ್‌ಗೆ ಆದದ್ದು ಇದೇ. ಬೂದು ಪುಟದಿಂದ ಪುಟಕ್ಕೆ ಬದಲಾಗಿ, ಎರಡನೇ ಸಂಚಿಕೆಗೆ ಹಲ್ಕ್ ಹಸಿರಾದ. ಹಸಿರಿಗೆ ಹಳದಿ, ನೀಲಿ ಎರಡೇ ಸಾಕು. ಪ್ರಮಾಣ ಸ್ವಲ್ಪ ಏರುಪೇರಾದರೂ ಅದು ಹಸಿರಾಗಿಯೇ ಉಳಿಯುತ್ತದೆ. ಮುಂದೆ ಎಷ್ಟೋ ಮರುಮುದ್ರಣಗಳಲ್ಲಿ ಆ ಮೊದಲ ಕಥೆಗೂ ಹಸಿರು ಬಳಿದುಬಿಟ್ಟರು. ಅದನ್ನು ತಿದ್ದುಪಡಿ ಎನ್ನಲು ಮನಸ್ಸು ಒಪ್ಪುವುದಿಲ್ಲ, ಅದು ಇತಿಹಾಸ ಅಳಿಸಿದಂತೆ.

ಸೂಪರ್‌ಮ್ಯಾನ್ ಕೂದಲಿನ ನೀಲಿಯೂ ಹೀಗೆಯೇ ತಪ್ಪು ಓದಿಗೆ ಸಿಗುತ್ತದೆ. ಅದು ನೀಲಿ ಕೂದಲಲ್ಲ, ಕಪ್ಪಿನ ಹೊಳಪು. ಕಂಪ್ಯೂಟರಿನಲ್ಲಿ ಅದಕ್ಕೆ ಕಡು ನೀಲಿಯಿಂದ ತಿಳಿ ನೀಲಿಗೆ ಇಳಿಯುವ ಛಾಯೆ ಕೊಟ್ಟರೆ ಕೂದಲು ಪ್ಲಾಸ್ಟಿಕ್ಕಿನಂತೆ ಕಾಣುತ್ತದೆ. ಹಿನ್ನೆಲೆಯ ಗುಂಪನ್ನು ಪೂರ್ತಿ ನೇರಳೆಯಲ್ಲೋ ನೀಲಿಯಲ್ಲೋ ಮುಳುಗಿಸುತ್ತಿದ್ದದ್ದನ್ನೂ ಸೋಮಾರಿತನ ಎಂದುಕೊಳ್ಳಬಾರದು. ಸಮಯ ಉಳಿಯುತ್ತಿತ್ತು, ನಿಜ. ಆದರೆ ಮುಂದಿನ ನಾಯಕ ಎದ್ದು ಕಾಣುತ್ತಿದ್ದದ್ದೂ ಅದರಿಂದಲೇ. ಗುಂಪಿನ ಒಂದೊಂದು ಮುಖಕ್ಕೂ ಮೈಬಣ್ಣ ತುಂಬಿದರೆ ಚಿತ್ರದ ಆಳ ಹೋಯಿತು.

ಈಗ ಕಾಗದ. ಹಳೆಯ ಸಂಚಿಕೆಗಳ ನ್ಯೂಸ್‌ಪ್ರಿಂಟ್ ಮಸಿ ಹೀರುತ್ತದೆ, ಚುಕ್ಕೆ ಉಬ್ಬುತ್ತದೆ. ಶೇ. 50ರ ಚುಕ್ಕೆ 75ರ ಹತ್ತಿರ ಕಾಣುತ್ತದೆ. ಪೂರ್ತಿ ಮಸಿಯಾದರೋ ಕಾಗದದೊಳಗೆ ಇಳಿದು ಮಂಕಾಗುತ್ತದೆ. ನುಣುಪು ಲೇಪನದ ಆರ್ಟ್ ಪೇಪರಿನಲ್ಲಿ ಎಲ್ಲ ತಿರುವುಮುರುವು: ತೆಳು ಬಣ್ಣ ಇನ್ನಷ್ಟು ತೆಳುವಾಗುತ್ತದೆ, ಗಟ್ಟಿ ಬಣ್ಣ ಕಿರುಚುತ್ತದೆ. ಅದಕ್ಕೇ ಮುಖ ಬಿಳಚಿಕೊಂಡು ನಿಲುವಂಗಿ ಉರಿಯುತ್ತದೆ. ಮರುಮುದ್ರಣ ಸಿದ್ಧಪಡಿಸುವವರು ಆರಂಭಕ್ಕೆ 25ನ್ನು 32ರ ಆಸುಪಾಸಿಗೆ, 50ನ್ನು 60ಕ್ಕೆ ಏರಿಸಿ, 100ನ್ನು 85–90ಕ್ಕೆ ಇಳಿಸಿ ನೋಡಬಹುದು. ಮ್ಯಾಪ್‌ಲಿಥೋದಂಥ ಹೊಳಪಿಲ್ಲದ ಕಾಗದ ಸಿಕ್ಕರೆ ಅರ್ಧ ಕೆಲಸ ಅದೇ ಮಾಡುತ್ತದೆ. ಪುಟಕ್ಕೆಲ್ಲ ಕಂದು ಛಾಯೆ ಹಾಕಿ ಹಳೆಯ ಕಳೆ ತರುವುದು ಮಾತ್ರ ಬೇಡ. ಆ ಕಂದು, ಕಾಗದದಲ್ಲಿರುವ ಮರದ ಅಂಶ ಲಿಗ್ನಿನ್ ಗಾಳಿ ಬೆಳಕಿಗೆ ಕೆಟ್ಟು ಬಂದದ್ದು, ಅಂಗಡಿಗೆ ಬಂದ ದಿನ ಪುಟ ಹಾಗಿರಲಿಲ್ಲ.

ಹಳೆಯ ಪುಟದಿಂದ ಸಂಕೇತ ಓದುವ ಕ್ರಮ: ಪುಟದ ಹಿಂದೆ ಕಪ್ಪು ಕಾಗದ ಇಟ್ಟು (ಇಲ್ಲದಿದ್ದರೆ ಹಿಂಬದಿಯ ಅಚ್ಚು ಮೂಡುತ್ತದೆ) 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ ಟಿಫ್ ಆಗಿ ಉಳಿಸಬೇಕು, ಜೆಪೆಗ್ ಚುಕ್ಕೆಯ ಅಂಚನ್ನು ಕಲಸಿಬಿಡುತ್ತದೆ. ಹಳದಿ ಚುಕ್ಕೆ ಹತ್ತು ಪಟ್ಟಿನ ಭೂತಗನ್ನಡಿಗೂ ಸರಿಯಾಗಿ ಸಿಗದು. ಸ್ಕ್ಯಾನಿನ ನೀಲಿ ಚಾನೆಲ್ ಒಂದನ್ನೇ ತೆರೆದರೆ ಅದು ಕಪ್ಪಾಗಿ ಎದ್ದು ಬರುತ್ತದೆ. ಮಜೆಂಟಾಕ್ಕೆ ಹಸಿರು ಚಾನೆಲ್, ಸಯಾನ್‌ಗೆ ಕೆಂಪು. ಗೆರೆಯನ್ನು ಬೇರ್ಪಡಿಸಿ 1200 ಡಿಪಿಐ ಬಿಟ್‌ಮ್ಯಾಪ್ (ಬರೀ ಕಪ್ಪು-ಬಿಳಿಯ ಚಿತ್ರ) ಮಾಡಿ, ಬರೀ ಕಪ್ಪು ಪ್ಲೇಟಿನಲ್ಲಿ ಓವರ್‌ಪ್ರಿಂಟ್ ಕೊಡಬೇಕು, ಅಂದರೆ ಕೆಳಗಿನ ಬಣ್ಣ ಕತ್ತರಿಸದೆ ಅದರ ಮೇಲೆಯೇ ಅಚ್ಚಾಗಬೇಕು. ಸ್ಕ್ಯಾನನ್ನೇ ನೇರವಾಗಿ ಸಿಎಂವೈಕೆಗೆ (ಸಯಾನ್, ಮಜೆಂಟಾ, ಹಳದಿ, ಕಪ್ಪು ಮಸಿಗಳಿಗೆ) ಬದಲಿಸಿದರೆ ಗೆರೆ ನಾಲ್ಕೂ ಪ್ಲೇಟಿಗೆ ಹಂಚಿಹೋಗುತ್ತದೆ. ಆಮೇಲೆ ರಿಜಿಸ್ಟರ್ (ಪ್ಲೇಟುಗಳು ಒಂದರ ಮೇಲೊಂದು ಕೂರುವ ಹೊಂದಿಕೆ) ಕೂದಲೆಳೆಯಷ್ಟು ತಪ್ಪಿದರೂ ಮಾತಿನ ಗುಳ್ಳೆಯ ಅಕ್ಷರಕ್ಕೆ ಬಣ್ಣದ ನೆರಳು ಬೀಳುತ್ತದೆ.

ಕಲಾವಿದರೇ ಬಣ್ಣ ಬದಲಿಸಿದರೆ? 1988ರ ಬ್ಯಾಟ್‌ಮ್ಯಾನ್ ಕಾಮಿಕ್ಸ್ ‘ದ ಕಿಲ್ಲಿಂಗ್ ಜೋಕ್’ಗೆ ಬಣ್ಣಗಾರ ಜಾನ್ ಹಿಗಿನ್ಸ್ ಕೊಟ್ಟದ್ದು ಕಿತ್ತಳೆ, ನೇರಳೆಯ ಜಾತ್ರೆ. ಅದರ ಚಿತ್ರಕಾರ ಬ್ರಯಾನ್ ಬೋಲಂಡ್ 2008ರ ಆವೃತ್ತಿಗೆ ತಾವೇ ಹೊಸದಾಗಿ ತಣ್ಣನೆಯ ಬಣ್ಣ ಹಾಕಿದರು. ಹಿಂದಿನ ನೆನಪಿನ ದೃಶ್ಯಗಳು ಹೆಚ್ಚುಕಡಿಮೆ ಕಪ್ಪುಬಿಳುಪಾಗಿ, ಒಂದೊಂದು ವಸ್ತುವಿಗೆ ಮಾತ್ರ ಬಣ್ಣ ಉಳಿಯಿತು. ಎರಡೂ ಚೆನ್ನಾಗಿವೆ. ಆದರೆ ಎರಡನೆಯದನ್ನು ಮರುಸ್ಥಾಪನೆ ಎಂದು ಕರೆಯಲಾಗದು. ಎರಡೂ ಅಂಗಡಿಯಲ್ಲಿ ಸಿಗುವಂತಿರಬೇಕು.

ಕೊನೆಯದಾಗಿ ಪ್ರೂಫ್, ಅಂದರೆ ಪರೀಕ್ಷಾ ಮುದ್ರಣ. ಪರದೆಯ ಮೇಲೆ ಒಪ್ಪಿಗೆ ಕೊಡಬೇಡಿ. ಅಚ್ಚಾಗುವ ಕಾಗದದ ಮೇಲೆಯೇ 64 ಬಣ್ಣಗಳ ಪಟ್ಟಿಯೊಂದನ್ನು ಮುದ್ರಿಸಿ, ಮೂಲ ಸಂಚಿಕೆಯ ಒಳಪುಟ ಪಕ್ಕಕ್ಕಿಟ್ಟು ಹಗಲು ಬೆಳಕಲ್ಲಿ ಹೋಲಿಸಿ. ಅಂಚು ಬೇಗ ಕಂದುವುದರಿಂದ ಪುಟದ ನಡುಭಾಗವನ್ನೇ ನೋಡಿ, ಮೊದಲು ಮೈಬಣ್ಣದ ವೈ2ಆರ್2 ಚೌಕ.