ಮಂಚ ಎತ್ತೋದು ಸುಲಭ

17 ಏಪ್ರಿಲ್ 2025, ಗುರುವಾರ

ಇವತ್ತೂ ತಾಲೀಮಿನಲ್ಲಿ ಬೈಸಿಕೊಂಡೆ. ನಮ್ಮ ಹವ್ಯಾಸಿ ತಂಡದ ಹೊಸ ನಾಟಕದಲ್ಲಿ ನನ್ನದು ಮೈಮೇಲೆ ದೆವ್ವ ಬರುವ ಸೊಸೆಯ ಪಾತ್ರ. ದೆವ್ವ ಬಂತು ಅಂದ ತಕ್ಷಣ ಕಣ್ಣು ಅಗಲ ಮಾಡಿ, ಹಲ್ಲು ಕಡಿದು, ಗಂಟಲು ದಪ್ಪ ಮಾಡಿ ಕೂಗುತ್ತೇನೆ. "ಸುಮ್ನೆ ಹೆದರಿಸ್ತಿದೀಯಮ್ಮ. ಆ ದೆವ್ವಕ್ಕೆ ಏನು ಬೇಕು ಅಂತಾನೇ ಗೊತ್ತಾಗ್ತಿಲ್ಲ" ಅಂದರು ನಿರ್ದೇಶಕರು. ಮುಖ ಊದಿಸಿಕೊಂಡು ಮನೆಗೆ ಬಂದೆ.

ಫೋನ್ ತೆಗೆದರೆ ಎಲ್ಲೆಲ್ಲೂ ನಟಿ ಸೌಂದರ್ಯ. ವಿಮಾನ ಅಪಘಾತದಲ್ಲಿ ಅವರು ಹೋಗಿ ಇವತ್ತಿಗೆ 21 ವರ್ಷ. ಅವರ ಸಿನಿಮಾ ‘ಆಪ್ತಮಿತ್ರ’ ತೆರೆಗೆ ಬಂದಿದ್ದು ಅದೇ 2004ರ ಆಗಸ್ಟ್‌ನಲ್ಲಿ. ಅದರಲ್ಲಿ ನಾಯಕಿ ಗಂಗಾಳ ಮೈಮೇಲೆ ಬರುವ ನಾಗವಲ್ಲಿಯನ್ನು ಜನ ಅಷ್ಟು ಹಚ್ಚಿಕೊಂಡಿದ್ದನ್ನು ಅವರು ನೋಡಲೇ ಇಲ್ಲ. ‘ಆಪ್ತಮಿತ್ರ’ ನೋಡಿ ಮುಗಿಸಿ, ಅದರ ಮೂಲ ‘ಮಣಿಚಿತ್ರತಾಳ್’ ಕೂಡ ಹಾಕಿಕೊಂಡು ಕೂತೆ. 1993ರ ಮಲಯಾಳಂ ಸಿನಿಮಾ. ಶೋಭನಾಗೆ ರಾಷ್ಟ್ರಪ್ರಶಸ್ತಿ ತಂದುಕೊಟ್ಟ ಪಾತ್ರ.

ಎಲ್ಲರಿಗೂ ನೆನಪಿರೋದು ಮಂಚ ಎತ್ತುವ ದೃಶ್ಯ. ಒಡವೆ ಕೊಳ್ಳೋಕೆ ಹೊರಟ ಗಂಗಾಳನ್ನು ಗಂಡ ಬೇಡ ಅಂತಾನೆ. ಅವಳು ಮೊದಲು ಕೂಗೋದಿಲ್ಲ. ಬಿಡಲ್ವಾ ಅಂತ ಕೇಳ್ತಾಳೆ. ಮತ್ತೆ ಕೇಳ್ತಾಳೆ. ಕೇಳ್ತಾ ಕೇಳ್ತಾ ಮಲಯಾಳಂ ಜಾರಿ ನಾಗವಲ್ಲಿಯ ತಮಿಳು ಬರುತ್ತೆ. ಅಷ್ಟರಲ್ಲಿ ಎದುರಿಗೆ ನಿಂತವನು ಅವಳ ಪಾಲಿಗೆ ಗಂಡನೇ ಅಲ್ಲ, ತನ್ನನ್ನು ಕೂಡಿಹಾಕಿದವನು. ನಾಗವಲ್ಲಿಗೆ ತಾನು ದೆವ್ವ ಅನ್ನೋದೇ ಗೊತ್ತಿಲ್ಲ, ಅಲ್ವಾ? ಅವಳ ಲೆಕ್ಕದಲ್ಲಿ ಅನ್ಯಾಯ ಆಗಿರೋದು ಅವಳಿಗೆ. ಹೆದರಿಸೋದು ಅವಳ ಕೆಲಸ ಅಲ್ಲ, ಹೆದರೋದು ನಮ್ಮ ಕೆಲಸ.

ನಾಗವಲ್ಲಿ ಕುಣಿಯುವ ಹಾಡಿನಲ್ಲೂ ಹಾಗೇ. ಅವಳ ಕಣ್ಣಿಗೆ ಕಾಣೋದು ದರ್ಬಾರು, ಒಡವೆ, ಜೊತೆಗೆ ಕುಣಿಯುವ ಪ್ರಿಯಕರ. (ಆ ಕುಣಿಯುವವರು ನಮ್ಮ ಕನ್ನಡದ ಶ್ರೀಧರ್!) ಬಾಗಿಲಲ್ಲಿ ನಿಂತು ನೋಡುವವರಿಗೆ ಕಾಣೋದು ಕೂದಲು ಕೆದರಿಕೊಂಡು ಒಬ್ಬಳೇ ಕುಣಿಯುವ ಹೆಂಗಸು. ಶೋಭನಾ ಭರತನಾಟ್ಯ ಕಲಿತವರು. ಎರಡೂ ಕಡೆ ಖುಷಿಯಿಂದಲೇ ಕುಣಿಯುತ್ತಾರೆ. ಆ ಖುಷಿಗೇ ನನಗೆ ಜಾಸ್ತಿ ಭಯ ಆಗೋದು.

ದನಿಯ ವಿಷಯಕ್ಕೆ ಬಂದರೆ ನನ್ನ ಗಂಟಲಿಗೆ ಸ್ವಲ್ಪ ಸಮಾಧಾನ. ಶೋಭನಾ ಅವರದ್ದು ಮುಖ, ಮೈ ಮಾತ್ರ. ಗಂಗಾಗೆ ದನಿ ಕೊಟ್ಟವರು ಭಾಗ್ಯಲಕ್ಷ್ಮಿ, ನಾಗವಲ್ಲಿಗೆ ದುರ್ಗಾ ಅನ್ನುವ ಇನ್ನೊಬ್ಬರು. ಅಂದರೆ ಒಂದು ಪಾತ್ರಕ್ಕೆ ಮೂವರು ಹೆಂಗಸರು. ನಾನೊಬ್ಬಳೇ ಇಲ್ಲಿ ಒದ್ದಾಡ್ತಿದೀನಿ.

ಸೌಂದರ್ಯ ಅವರ ನಾಗವಲ್ಲಿ ತೆಲುಗು ಆಡ್ತಾಳೆ. ಕೋಲಾರ ಜಿಲ್ಲೆಯವರು, ತೆಲುಗಿನಲ್ಲಿ ದೊಡ್ಡ ಸ್ಟಾರ್ ಆದವರು. ಆ ಭಾಷೆ ಅವರ ಬಾಯಿಗೆ ಹೊರಗಿನದಲ್ಲ. ಹಾಗಾಗಿ ದೆವ್ವ ಎಲ್ಲಿಂದಲೋ ಬಂದು ಹೊಕ್ಕ ಹಾಗೆ ಅನ್ನಿಸಲ್ಲ, ಒಳಗೇ ಇದ್ದದ್ದು ಎದ್ದು ಬಂದ ಹಾಗಿದೆ. ಕಥೆ ಹೇಳೋದೂ ಅದನ್ನೇ ತಾನೇ? ಅದು ಗಂಗಾಳ ಮನಸ್ಸಿನ ಕಾಯಿಲೆ.

ನಾಲ್ಕು ಸಲ ಹಿಂದಕ್ಕೆ ಹಾಕಿ ನೋಡಿದ್ದು ಮಾತ್ರ ಮಂಚ ಎತ್ತಿದ ಮೇಲಿನ ಕ್ಷಣವನ್ನು. ಗಂಡ ಜೋರಾಗಿ ಹೆಸರು ಕೂಗುತ್ತಾನೆ. ಅವಳು ವಾಪಸ್ ಬರ್ತಾಳೆ. ಏನಾಯ್ತು, ಯಾಕೆ ಹೀಗೆ ನೋಡ್ತಿದೀರಿ ಅನ್ನೋ ಮುಖ. ಒಂದು ಚೂರೂ ನೆನಪಿಲ್ಲ. ನಾನು ಅಲ್ಲೇ ಸೋಲೋದು. ವಾಪಸ್ ಬರುವಾಗ ತಲೆ ಹಿಡಿದುಕೊಳ್ತೀನಿ, ತೂರಾಡ್ತೀನಿ, ಏದುಸಿರು ಬಿಡ್ತೀನಿ. ದೆವ್ವ ಬಂದಿತ್ತು ಅಂತ ಸೊಸೆಗೇ ಗೊತ್ತಿರೋ ಹಾಗೆ!

ಕನ್ನಡಿ ಮುಂದೆ ನಿಂತು ಮತ್ತೆ ಶುರು ಮಾಡಿದೆ. "ಬಿಡಲ್ವಾ? ಬಿಡಲ್ವಾ?"

ಹಿಂದಿನಿಂದ ಅಮ್ಮ ಕೂಗಿದರು. "ಏ, ಹಾಲು ಉಕ್ತಾ ಇದೆ ಕಣೇ!"

"ಆಂ? ಏನಮ್ಮಾ?" ಅಂದೆ.

ಅದನ್ನೇ ಶನಿವಾರ ಮಾಡಿ ನೋಡಬೇಕು. ಒಲೆ ಒರೆಸಿ ಮಲಗುವಾಗ ಹನ್ನೆರಡೂವರೆ.