ಮೇಯ್ಸ್‌ನಲ್ಲಿ ಒಂದು ಊಟಕ್ಕೆ ಎರಡನೇ ವೀಸಾ

ಟರ್ಕಿಯ ಕಾಶ್ ಬಂದರಿನಲ್ಲಿ ನಿಂತರೆ ಗ್ರೀಸಿನ ದ್ವೀಪವೊಂದು ಎದುರಿಗೇ ಕಾಣುತ್ತದೆ. ಟರ್ಕಿಯವರು ಅದನ್ನು ಮೇಯ್ಸ್ ಅಂತಾರೆ, ಗ್ರೀಕರಿಗೆ ಅದು ಕಾಸ್ಟೆಲೊರಿಝೊ. ಮಧ್ಯೆ ಇರುವುದು ಸುಮಾರು 7 ಕಿಲೋಮೀಟರ್ ನೀರು. ಇಷ್ಟು ಹತ್ತಿರ ಇದೆಯಲ್ಲ, ಮಧ್ಯಾಹ್ನದ ಊಟಕ್ಕೆ ಹೋಗಿ ಬರೋಣ ಎಂದು ಹೊರಟೆವು. ನಮ್ಮ ಪ್ರವಾಸದಲ್ಲಿ ದುಡ್ಡು ಜಾಸ್ತಿ ಹೋಗಿದ್ದು ಅಲ್ಲೇ.

ನಾನಿದ್ದದ್ದು ಗೆಳೆಯನ ಹಾಯಿದೋಣಿಯಲ್ಲಿ, ಅದು ವಿದೇಶಿ ಬಾವುಟದ್ದು. ಇಂಥ ದೋಣಿಗೆ ಟರ್ಕಿಯಲ್ಲಿ ಟ್ರಾನ್ಸಿಟ್ ಲಾಗ್ ಎಂಬ ದಾಖಲೆ ಬೇಕು. ಯಾರು ಯಾರು ದೋಣಿಯಲ್ಲಿದ್ದಾರೆ ಎಂಬುದೆಲ್ಲ ಅದರಲ್ಲಿರುತ್ತದೆ. ದೇಶ ಬಿಟ್ಟರೆ ಲಾಗ್ ಮುಗಿಯಿತು. ವಾಪಸ್ ಬಂದರೆ ಹೊಸದು ಮಾಡಿಸಬೇಕು, ಕಾಗದಪತ್ರ ಮಾಡಿಸಿಕೊಡುವ ಏಜೆಂಟ್‌ಗೆ ಮತ್ತೆ ಫೀಸು ಕೊಡಬೇಕು. ನಾವು ಸಂಜೆಯೇ ವಾಪಸ್ ಬರುತ್ತೇವೆ ಎಂದು ನಮ್ಮ ಏಜೆಂಟ್‌ಗೆ ಚೆನ್ನಾಗಿ ಗೊತ್ತಿತ್ತು. ಆದರೂ ಹೊರಡುವಾಗ ಒಂದು ಮಾತು ಹೇಳಲಿಲ್ಲ. ನನಗೆ ಈಗಲೂ ಅದರ ಬೇಸರ ಹೋಗಿಲ್ಲ.

ಇನ್ನೂ ದೊಡ್ಡ ತೊಂದರೆ ವೀಸಾದ್ದು. ಷೆಂಗೆನ್ ವೀಸಾ (ಗ್ರೀಸ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ತೋರಿಸಿ ನಾನು ತೆಗೆದುಕೊಂಡಿದ್ದ ಟರ್ಕಿಯ ಇ-ವೀಸಾ ಸಿಂಗಲ್ ಎಂಟ್ರಿ. ಕಾಶ್‌ನಲ್ಲಿ ಹೊರಹೋಗುವ ಮುದ್ರೆ ಬಿದ್ದ ಕೂಡಲೇ ಅದರ ಕೆಲಸ ಮುಗಿಯಿತು. ಮೇಯ್ಸ್‌ನ ದಂಡೆಯಲ್ಲಿ ಕೂತು, ತಟ್ಟೆ ಪಕ್ಕಕ್ಕೆ ಸರಿಸಿ, ಫೋನಿನಲ್ಲೇ ಇನ್ನೊಂದಕ್ಕೆ ಅರ್ಜಿ ಹಾಕಿದೆ. ನನ್ನ ಷೆಂಗೆನ್ ಮಲ್ಟಿಪಲ್ ಎಂಟ್ರಿ ಆಗಿದ್ದರಿಂದ ಬಚಾವಾದೆ. ನಿಮ್ಮ ಷೆಂಗೆನ್ ಸಿಂಗಲ್ ಎಂಟ್ರಿ ಆಗಿದ್ದರೆ ಈ ಒಂದು ಊಟಕ್ಕೇ ಅದು ಮುಗಿದುಹೋಗುತ್ತದೆ, ಇನ್ನೊಂದು ಇ-ವೀಸಾಗೆ ತೋರಿಸಲು ಏನೂ ಇರುವುದಿಲ್ಲ, ದಯವಿಟ್ಟು ಈ ದ್ವೀಪದ ಆಸೆ ಬಿಡಿ. ಮಲ್ಟಿಪಲ್ ಇದ್ದರೆ ದೋಣಿಯನ್ನು ಕಾಶ್‌ನಲ್ಲೇ ಕಟ್ಟಿ ಫೆರಿಯಲ್ಲಿ ಹೋಗಿ, ಲಾಗ್‌ನ ಖರ್ಚಾದರೂ ಉಳಿಯುತ್ತದೆ. ಸ್ವಂತ ದೋಣಿಯಲ್ಲೇ ವಾಪಸ್ ಬರುವುದಾದರೆ ಪ್ರವೇಶದ ಕಾಗದಪತ್ರ ಇನ್ನೂ ಆಗಬೇಕು ಎಂದು ಸೂಚಿಸುವ ಹಳದಿ ಬಾವುಟ ಏರಿಸಿ ನೇರ ಕಾಶ್‌ಗೇ ಬನ್ನಿ. ಕಾಗದಪತ್ರ ಮುಗಿಯುವ ತನಕ ಬೇರೆ ಕೊಲ್ಲಿಯಲ್ಲಿ ಸುಮ್ನೆ ಈಜೋಕೆ ಅಂತ ಕೂಡ ನಿಲ್ಲಬೇಡಿ.

ಕಾಶ್‌ನಿಂದ ಪೂರ್ವಕ್ಕೆ ಕೆಕೊವಾ. ಹಳೇ ಊರೊಂದು ಭೂಕಂಪದಲ್ಲಿ ಕುಸಿದು ಅರ್ಧ ನೀರಿಗಿಳಿದಿದೆ. ಬಂಡೆಯಲ್ಲಿ ಕೊರೆದ ಮೆಟ್ಟಿಲುಗಳು ನೇರ ಸಮುದ್ರದೊಳಕ್ಕೆ ಹೋಗುತ್ತವೆ. 1990ರಿಂದ ಇದು ಸಂರಕ್ಷಿತ ಪ್ರದೇಶ. ಮುಳುಗಿದ ಊರಿನ ಮೇಲೆ ಲಂಗರು ಹಾಕುವಂತಿಲ್ಲ, ಈಜುವಂತಿಲ್ಲ, ಡೈವಿಂಗ್ ಅಂತೂ ಇಲ್ಲವೇ ಇಲ್ಲ. ನಿಧಾನವಾಗಿ ನೋಡುತ್ತಾ ಸಾಗಬೇಕು. ಬೇರೆ ಕಡೆ ದಡದಲ್ಲಿ ನಮ್ಮವನೊಬ್ಬ ಮಡಕೆಯ ಹಿಡಿಯೊಂದನ್ನು ಎತ್ತಿಕೊಂಡ. ಮಾಡಿದವನ ಹೆಬ್ಬೆರಳಿನ ಗುಳಿ ಅದರ ಮೇಲೆ ಇನ್ನೂ ಇತ್ತು. ಅಲ್ಲೇ ಇಡಿಸಿದೆವು. ಟರ್ಕಿಯಲ್ಲಿ ಹಳೇ ವಸ್ತು ಒಯ್ಯುವುದು ಅಪರಾಧ, ಜೈಲಾಗಬಹುದು.

ರಾತ್ರಿ ತಂಗಲು ಪಕ್ಕದ ಉಚಾಯಿಝ್ ಕೊಲ್ಲಿ ಒಳ್ಳೆಯದು. ಅಲ್ಲಿನ ಹೋಟೆಲುಗಳು ತಮ್ಮ ಕಟ್ಟೆಗೆ ದೋಣಿ ಕಟ್ಟಲು ದುಡ್ಡು ಕೇಳುವುದಿಲ್ಲ, ಊಟ ಅಲ್ಲೇ ಮಾಡಿದರೆ ಸಾಕು. ಆದರೆ ಮೀನಿನ ಬೆಲೆ ತೂಕದ ಮೇಲೆ. ತಟ್ಟೆಗೆ ಬರುವ ಮುಂಚೆಯೇ ತೂಗಿಸಿ, ಬೆಲೆ ಕೇಳಿ. ನಾವು ಕೇಳಲಿಲ್ಲ, ಬಿಲ್ ನೋಡಿ ಮಾತೇ ಹೊರಡಲಿಲ್ಲ.

ಬೆಳಿಗ್ಗೆ ಸಿಕ್ಕ ಗೋಜ್ಲೆಮೆ ಎಂಬ ಹೂರಣದ ರೊಟ್ಟಿ ಅದನ್ನೆಲ್ಲ ಮರೆಸಿತು. ಹೆಂಗಸೊಬ್ಬರು ಪುಟ್ಟ ದೋಣಿಯಲ್ಲಿ ನಮ್ಮ ಪಕ್ಕಕ್ಕೇ ಬಂದರು. ಕೋಲಿನಂಥ ಸಪೂರ ಲಟ್ಟಣಿಗೆ, ಮೊಣಕಾಲೆತ್ತರದ ಮಣೆ. ಹಿಟ್ಟಿನುಂಡೆ ನೋಡನೋಡುತ್ತಲೇ ಬಟ್ಟೆಯಷ್ಟು ತೆಳುವಾಯಿತು. ಪಾಲಕ್, ಬಿಳಿ ಚೀಸ್ ಹರಡಿ, ಮಡಚಿ, ಉಬ್ಬು ಕಾವಲಿಗೆ ಹಾಕಿದರು. ಅಂಚು ಗರಿಗರಿ, ಒಳಗೆ ಚೀಸ್ ಕರಗಿ ಪಾಲಕ್ಕಿನ ಜೊತೆ ಬೆರೆತಿತ್ತು. ಒಬ್ಬೊಬ್ಬರೂ ಎರಡೆರಡು ತಿಂದೆವು. ಆರು ಜನರದ್ದೂ ಸೇರಿ ಹಿಂದಿನ ರಾತ್ರಿಯ ಒಂದು ಮೀನಿನಷ್ಟು ಖರ್ಚಾಗಲಿಲ್ಲ. ಚಿಲ್ಲರೆ ಲೀರಾ ಇಟ್ಟುಕೊಂಡಿರಿ.

ಪಶ್ಚಿಮಕ್ಕೆ ಗೋಜೆಕ್ ಕಡೆ ಹೋಗುವವರು ಮಾವಿ ಕಾರ್ಟ್, ಅಂದರೆ ನೀಲಿ ಕಾರ್ಡ್, ಮಾಡಿಸಲೇಬೇಕು. ಶೌಚದ ಟ್ಯಾಂಕ್ ಎಲ್ಲಿ, ಯಾವಾಗ ಖಾಲಿ ಮಾಡಿದಿರಿ ಎಂಬುದು ಅದರಲ್ಲಿ ದಾಖಲಾಗುತ್ತದೆ. ಸಮುದ್ರಕ್ಕೆ ಬಿಟ್ಟರೆ ದಂಡ. ಪಾತ್ರೆ ತೊಳೆದ ಸೋಪಿನ ನೀರನ್ನೂ ಬಿಡುವಂತಿಲ್ಲ. ಕಷ್ಟವೇ, ಆದರೆ ಲಂಗರು ತಳ ಮುಟ್ಟುವುದು ಕಣ್ಣಿಗೆ ಕಾಣುವಷ್ಟು ತಿಳಿಯಾಗಿದೆ ಅಲ್ಲಿನ ನೀರು. ಹಗ್ಗವನ್ನು ಪೈನ್ ಮರಕ್ಕೆ ಸುತ್ತಬೇಡಿ, ದಡದಲ್ಲಿ ಅದಕ್ಕೇ ಅಂತ ಗೂಟಗಳಿವೆ.