ಕಣ್ಣಿಗೆ ಹಳದಿ ಬಣ್ಣ ಹಾಕಿಸಿಕೊಳ್ಳುವವರಿಗೆ

ಉಡುಪಿಯ ಕಣ್ಣಿನ ಆಸ್ಪತ್ರೆಯೊಂದರಲ್ಲಿ ನಾನು ಕಣ್ಣು ಪರೀಕ್ಷಿಸುವ ಆಪ್ಟೋಮೆಟ್ರಿಸ್ಟ್. ಕನ್ನಡಕದ ನಂಬರ್ ಏರಿತೇ, ಇಳಿಯಿತೇ ಎಂದು ಬಂದವರೆಲ್ಲ ಕೇಳುತ್ತಾರೆ. ಗಾಯವಿದೆಯೇ ಎಂದು ನೋಡಲು ಕಣ್ಣಿಗೆ ಹಳದಿ ಬಣ್ಣ ಹಾಕುವಾಗ ಮಾತ್ರ ಯಾರೂ ಏನೂ ಕೇಳದೆ ಮುಖ ಮೇಲೆತ್ತಿ ಕೂರುತ್ತಾರೆ. ಆಸ್ಪತ್ರೆಯವರ ಮೇಲೆ ಜನರಿಗಿರುವ ಈ ನಂಬಿಕೆ ದೊಡ್ಡದು. ಆದರೂ ಆ ಹೊತ್ತಿನಲ್ಲಿ, "ಈ ಬಣ್ಣದ ಲಕೋಟೆ ನನಗಾಗಿಯೇ ಈಗ ಒಡೆದದ್ದೇ?" ಎಂದು ಎಲ್ಲರೂ ಕೇಳಬೇಕೆಂಬುದು ನನ್ನ ಆಸೆ.

ಆ ಬಣ್ಣದ ಹೆಸರು ಫ್ಲೋರೆಸಿನ್. 1871ರಲ್ಲಿ ಜರ್ಮನಿಯ ರಸಾಯನ ವಿಜ್ಞಾನಿ ಅಡಾಲ್ಫ್ ಫಾನ್ ಬಾಯರ್ ಇದನ್ನು ಮೊದಲು ತಯಾರಿಸಿದರು. ನೀಲಿ ಬೆಳಕು ಬಿದ್ದರೆ ಇದು ಹಸಿರಾಗಿ ಹೊಳೆಯುತ್ತದೆ. ಕಣ್ಣಿನ ಮುಂದಿನ ಪಾರದರ್ಶಕ ಭಾಗವಾದ ಕಾರ್ನಿಯಾದ ಹೊರಪದರ ಸರಿಯಾಗಿದ್ದರೆ ಬಣ್ಣ ಅಲ್ಲಿ ನಿಲ್ಲದೆ ಕಣ್ಣೀರಿನೊಂದಿಗೆ ಸರಿದುಹೋಗುತ್ತದೆ. ಗೀರೋ ಹುಣ್ಣೋ ಇದ್ದ ಕಡೆ ಮಾತ್ರ ಹಿಡಿದುಕೊಳ್ಳುತ್ತದೆ.

ಭತ್ತದ ಕೊಯ್ಲಿನ ಸಮಯದಲ್ಲಿ ಹೆಬ್ರಿ ಕಡೆಯಿಂದ ಹಿರಿಯರೊಬ್ಬರು ಬಂದಿದ್ದರು. ಭತ್ತ ತೂರುವಾಗ ಹೊಟ್ಟು ಹಾರಿ ಕಣ್ಣಿಗೆ ಬಿದ್ದಿತ್ತು. "ನೀರು ಹಾಕಿ ತೊಳೆದೆ ಅಮ್ಮ, ಕಸ ಹೋಗಿದೆ. ಆದರೂ ರೆಪ್ಪೆ ಮುಚ್ಚಿದಾಗಲೆಲ್ಲ ಚುಚ್ಚುತ್ತದೆ" ಎಂದರು. ಕಣ್ಣನ್ನು ದೊಡ್ಡದಾಗಿ ತೋರಿಸುವ ಸ್ಲಿಟ್ ಲ್ಯಾಂಪಿನ ಬಿಳಿ ಬೆಳಕಿನಲ್ಲಿ ಕಣ್ಣು ಕೆಂಪಾಗಿರುವುದಷ್ಟೇ ಕಂಡಿತು. ಬಣ್ಣ ಹಾಕಿ ನೀಲಿ ಬೆಳಕಿಗೆ ತಿರುಗಿಸಿದೆ. ಕಾರ್ನಿಯಾದ ಮೇಲ್ಭಾಗದಲ್ಲಿ ಮೇಲಿಂದ ಕೆಳಕ್ಕೆ ಒತ್ತೊತ್ತಾಗಿ ಸಣ್ಣ ಹಸಿರು ಗೆರೆಗಳು ಎದ್ದವು. ಇಂಥ ಗೆರೆ ಕಂಡರೆ ಮೇಲಿನ ರೆಪ್ಪೆಯನ್ನು ಮಗುಚಿ ನೋಡಲೇಬೇಕು. ನೋಡಿದರೆ ಒಳಮೈಗೆ ಹೊಟ್ಟಿನ ಚೂರೊಂದು ಅಂಟಿಕೊಂಡೇ ಇತ್ತು. ಅವರು ಕಣ್ಣು ಮಿಟುಕಿಸಿದಷ್ಟು ಸಲವೂ ಅದು ಗೀರುತ್ತಿತ್ತು. ಡಾಕ್ಟರು ಅದನ್ನು ತೆಗೆದು, ಮರುದಿನ ತಪ್ಪದೆ ಬರಲು ಹೇಳಿದರು. ಹೊಟ್ಟು, ಎಲೆ, ಕಡ್ಡಿ ತಾಗಿದ ಗಾಯಕ್ಕೆ ಶಿಲೀಂಧ್ರ ಸೇರಿಕೊಳ್ಳುವ ಭಯವಿರುತ್ತದೆ. ಅಂಥ ಕಣ್ಣಿಗೆ, ಆ ಸೋಂಕನ್ನು ಹೆಚ್ಚಿಸುವ ಸ್ಟೀರಾಯ್ಡ್ ಹನಿಯನ್ನು ಮೆಡಿಕಲ್‌ನಿಂದ ತಂದು ತಾವೇ ಹಾಕಿಕೊಂಡವರನ್ನು ಕಂಡರೆ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಇಷ್ಟು ಉಪಕಾರಿಯಾದ ಬಣ್ಣವೇ ಬಾಟಲಿಯಲ್ಲಿ ಕುಳಿತರೆ ಅಪಾಯಕಾರಿ. ಫ್ಲೋರೆಸಿನ್ ದ್ರಾವಣದಲ್ಲಿ ಸ್ಯೂಡೊಮೋನಸ್ ಎಂಬ ಬ್ಯಾಕ್ಟೀರಿಯಾ ಸುಲಭವಾಗಿ ಬೆಳೆಯುತ್ತದೆ. ಕಣ್ಣಿನ ಹನಿಗಳು ಕೆಡದಂತೆ ಸಾಮಾನ್ಯವಾಗಿ ಬೆರೆಸುವ ಸಂರಕ್ಷಕದ ಬಲವನ್ನೂ ಈ ಬಣ್ಣ ತಗ್ಗಿಸಿಬಿಡುತ್ತದೆ. ನಾವು ಬಣ್ಣ ಹಾಕುವುದೇ ಗಾಯವಾಗಿರಬಹುದಾದ ಕಣ್ಣಿಗೆ. ಹೊರಪದರ ಕಿತ್ತುಹೋದ ಕಾರ್ನಿಯಾಕ್ಕೆ ಸ್ಯೂಡೊಮೋನಸ್ ಹೊಕ್ಕರೆ ಒಂದೆರಡು ದಿನಗಳಲ್ಲೇ ದೃಷ್ಟಿ ಹೋಗಬಹುದು. 1951ರಲ್ಲಿ ಕಿಮುರಾ ಎಂಬ ಅಮೆರಿಕದ ನೇತ್ರತಜ್ಞರು ಬಣ್ಣವನ್ನು ಕಾಗದದ ಪಟ್ಟಿಗೆ ಹೀರಿಸಿ ಒಣಗಿಸುವ ವಿಧಾನವನ್ನು ಪ್ರಕಟಿಸಿದರು. ಒಣಗಿದ ಕಾಗದದಲ್ಲಿ ಬ್ಯಾಕ್ಟೀರಿಯಾಕ್ಕೆ ಬೆಳೆಯಲು ನೀರಿಲ್ಲ. ಒಮ್ಮೆ ಬಳಸಿ ಎಸೆಯುವ ಸಣ್ಣ ಕೊಳವೆಗಳೂ ಇವೆ. ಅವೂ ಒಳ್ಳೆಯವೇ, ಉಳಿದ ಹನಿಯನ್ನು ಇನ್ನೊಬ್ಬರಿಗೆ ಹಾಕದಿದ್ದರೆ.

ಪಟ್ಟಿ ಹಾಕುವ ಕ್ರಮ ಹೀಗಿದೆ. ಕೈ ತೊಳೆದು, ಲಕೋಟೆಯನ್ನು ನಿಮ್ಮೆದುರೇ ಹರಿಯಬೇಕು. ಕಿತ್ತಳೆ ಬಣ್ಣದ ತುದಿಗೆ ಬೆರಳು ತಾಗಬಾರದು. ಅದರ ಮೇಲೆ ಶುದ್ಧ ಸಲೈನ್ ಒಂದು ಹನಿ ಬಿಟ್ಟು, ಹೆಚ್ಚಾದದ್ದನ್ನು ಕೊಡವಬೇಕು. ಸಲೈನ್ ಬಾಟಲಿಯ ಮೂತಿ ಪಟ್ಟಿಗೆ ತಾಗಬಾರದು. ತಾಗಿದರೆ ಪಟ್ಟಿ ಶುದ್ಧವಾಗಿದ್ದೂ ಪ್ರಯೋಜನವಿಲ್ಲ. ನೀವು ಮೇಲೆ ನೋಡುತ್ತಿರುವಾಗ ಕೆಳರೆಪ್ಪೆಯ ಒಳಮೈಗೆ ಮೆಲ್ಲಗೆ ಮುಟ್ಟಿಸಿದರೆ ಸಾಕು. ಕಾರ್ನಿಯಾಕ್ಕೆ ಕಾಗದ ತಾಗಿದರೆ ಅದೇ ಒಂದು ಗೀರು ಮಾಡೀತು. ಒಂದು ಕಣ್ಣಿನಲ್ಲಿ ಸೋಂಕು ಇದೆಯೆಂಬ ಅನುಮಾನವಿದ್ದರೆ ಇನ್ನೊಂದಕ್ಕೆ ಬೇರೆ ಪಟ್ಟಿ. ಸಾಲು ಎಷ್ಟೇ ಉದ್ದವಿರಲಿ, ಇದರಲ್ಲಿ ಉಳಿತಾಯ ಬೇಡ. ಶಿಬಿರಗಳಲ್ಲಂತೂ ಬೇಡವೇ ಬೇಡ.

ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಮೊದಲೇ ತಿಳಿಸಿ. ಮೃದು ಲೆನ್ಸ್ ಈ ಬಣ್ಣವನ್ನು ಹೀರಿಕೊಂಡರೆ ಮತ್ತೆ ಬಿಡುವುದು ಕಷ್ಟ. ಪರೀಕ್ಷೆಯ ನಂತರ ಸಲೈನ್‌ನಿಂದ ಕಣ್ಣು ತೊಳೆಸಿಕೊಂಡು, ಕನಿಷ್ಠ ಒಂದು ಗಂಟೆ ಬಿಟ್ಟು ಲೆನ್ಸ್ ಹಾಕಿಕೊಳ್ಳಿ. ಗಾಯವಿದ್ದರೆ ಡಾಕ್ಟರು ಹೇಳುವ ತನಕ ಲೆನ್ಸ್ ಮುಟ್ಟಬೇಡಿ. ಮೂಗು ಸೀಟಿದಾಗ ಕರವಸ್ತ್ರ ಹಳದಿಯಾದರೆ ಹೆದರಬೇಡಿ. ಕಣ್ಣೀರು ಮೂಗಿಗೆ ಇಳಿಯುವ ದಾರಿ ತೆರೆದಿದೆ ಎಂದೇ ಅದರ ಅರ್ಥ.

ಇದೇ ಬಣ್ಣವನ್ನು ಕಣ್ಣಿನ ಹಿಂಭಾಗದ ಅಕ್ಷಿಪಟಲದ ಫೋಟೋ ತೆಗೆಯಲು ಕೈಯ ರಕ್ತನಾಳಕ್ಕೆ ಚುಚ್ಚುವುದೂ ಉಂಟು. ಅದು ಬೇರೆಯೇ ಪರೀಕ್ಷೆ. ಅದರಲ್ಲಿ ವಾಕರಿಕೆ ಬರಬಹುದು, ಅಪರೂಪಕ್ಕೆ ತೀವ್ರ ಅಲರ್ಜಿಯೂ ಆಗಬಹುದು. ಹಿಂದೆ ಯಾವ ಔಷಧಿಯಿಂದ ಮೈ ತುರಿಸಿದ್ದರೂ, ಉಸಿರು ಕಟ್ಟಿದ್ದರೂ ಬಾಯಿಬಿಟ್ಟು ಹೇಳಿ. ಇನ್ನು, ಅಡಿಕೆಗೆ ಮದ್ದು ಬಿಡುವಾಗ ಸುಣ್ಣ, ಮೈಲುತುತ್ತಿನ ನೀರು ಕಣ್ಣಿಗೆ ಹಾರಿದರೆ ಬಣ್ಣದ ಪರೀಕ್ಷೆ ಆಮೇಲೆ. ಮೊದಲು ತೋಟದಲ್ಲೇ ಒಳ್ಳೆಯ ನೀರಿನಿಂದ ತೊಳೆಯುತ್ತಲೇ ಇರಿ, ಬಳಿಕ ಹೊರಡಿ.

ಬಣ್ಣದೊಂದಿಗೆ ಹಲವು ಸಲ ಮರಗಟ್ಟಿಸುವ ಹನಿಯನ್ನೂ ಹಾಕುತ್ತೇವೆ. ಬಣ್ಣ ಹಾಕಿ ಕಣ್ಣಿನ ಒತ್ತಡ ಅಳೆಯುವಾಗ ಅದು ಬೇಕೇ ಬೇಕು. ಹಾಕಿದ ಮೇಲೆ ಅರ್ಧ ಗಂಟೆ ಕಣ್ಣು ಉಜ್ಜಬಾರದು, ಗೀರಿದರೂ ಗೊತ್ತಾಗುವುದಿಲ್ಲ. ಮಲ್ಪೆಯಲ್ಲಿ ದೋಣಿಯ ವೆಲ್ಡಿಂಗ್ ಮಾಡುವ ಹುಡುಗರು ಅದರ ಬೆಳಕು ಕಣ್ಣಿಗೆ ತಾಗಿ ರಾತ್ರಿಯೆಲ್ಲ ಕಣ್ಣೀರು ಸುರಿಸಿ ಬೆಳಿಗ್ಗೆ ಬರುತ್ತಾರೆ. ಈ ಹನಿ ಬಿದ್ದ ಅರ್ಧ ನಿಮಿಷದಲ್ಲಿ ಕಣ್ಣು ತೆರೆಯಲಾಗುತ್ತದೆ. "ಅಕ್ಕ, ಆ ಬಾಟಲಿ ಕೊಡಿ, ಎಷ್ಟಾದರೂ ಕೊಡುತ್ತೇನೆ" ಎನ್ನುತ್ತಾರೆ. ಪದೇ ಪದೇ ಹಾಕಿದರೆ ಹೊರಪದರ ಮಾಯುವುದೇ ನಿಂತು, ಕಾರ್ನಿಯಾ ಕರಗಿ ತೂತಾಗುವ ತನಕ ಹೋಗಬಹುದು. ನೋವಿಗೆ ನುಂಗುವ ಮಾತ್ರೆಯನ್ನು ಡಾಕ್ಟರು ಬರೆದುಕೊಡುತ್ತಾರೆ. ಆ ಬಾಟಲಿಯನ್ನು, ಬೇಡಿಕೊಂಡರೂ ಸಿಟ್ಟು ಮಾಡಿದರೂ, ನಾನು ಕೊಡುವುದಿಲ್ಲ.